ಮರ್ಲ್ ಕೆತ್ತಿದ ಸಂಖ್ಯೆ

೨೦೧೪ನೇ ಇಸವಿ ಮೇ ತಿಂಗಳ ಹತ್ತೊಂಬತ್ತು, ಸೋಮವಾರ. ಬೆಳಿಗ್ಗೆ ಎಂಟು ನಲವತ್ತಕ್ಕೆ ಎವರೆಟ್ ಹಪ್ಪರ್ ಶೆರಿಫ್ ಠಾಣೆಗೆ ಬಂದನು. ಟಾಲ್ಮನ್ಸ್ ಕೋವ್ ಎಂಬ ಸಣ್ಣ ಬಂದರಿನಲ್ಲಿ ಐವತ್ತು ವರ್ಷಗಳಿಂದ ಮರದ ದೋಣಿ ಕಟ್ಟುವವನು, ವಯಸ್ಸು ಎಪ್ಪತ್ತೆರಡು. ಹಿಂದೆಂದೂ ಠಾಣೆಯ ಮೆಟ್ಟಿಲು ಹತ್ತಿದವನಲ್ಲ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕುರ್ಚಿ ತೋರಿಸಿದರೂ ಕೂರದೆ ಮೇಜಿನ ಮುಂದೆ ನಿಂತನು.

“ಬರ್ಕೊ ರೋಲಂಡ್. ಶನಿವಾರ ನೇಥನ್ ಮೇಲೆ ಹಾಯಿಕಂಬ ಬಿತ್ತಲ್ಲ, ಅದು ತಾನಾಗೇ ಬಿದ್ದದ್ದಲ್ಲ. ಯಾರೋ ಕಂಬದ ಕೆಳಗಿನ ತೊಲೆ ಕೊಯ್ದಿದ್ದಾರೆ.”

ಡಿಟೆಕ್ಟಿವ್ ರೋಲಂಡ್ ಪೆಲೆಟಿಯರ್ ಪೆನ್ನು ತೆಗೆದನು.

“ಯಾರೋ ಅಂದ್ರೆ?”

“ಅದು ಗೊತ್ತಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ಊರೆಲ್ಲ ನನ್ನ ಕೆಲಸ ಹಾಳು ಅಂತಿದೆ. ನಿನ್ನೆ ಚರ್ಚಲ್ಲಿ ನನ್ನ ಬೆಂಚಲ್ಲಿ ಯಾರೂ ಕೂರ್ಲಿಲ್ಲ, ಮಾರಾಯ. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಹಾಡಿದೋರು ಎದ್ದು ಹಿಂದಕ್ಕೆ ಹೋದ್ರು.”

“ಕೊಯ್ದಿರೋದು ಯಾವಾಗ ನೋಡಿದ್ರಿ?”

“ನಿನ್ನೆ ಮಧ್ಯಾಹ್ನ. ದೋಣಿ ಎಳೆದು ಶೆಡ್ಡಿಗೆ ತಂದ ಮೇಲೆ.”

“ಮುಟ್ಟಿದ್ರಾ?”

“ಟಾರ್ಚ್ ಬಿಟ್ಟು ನೋಡ್ದೆ, ಅಷ್ಟೆ. ಆಮೇಲೆ ಶೆಡ್ಡಿಗೆ ಬೀಗ ಹಾಕ್ದೆ. ಜೀವಮಾನದಲ್ಲಿ ಮೊದಲನೇ ಸಲ. ಬೀಗ ಹುಡುಕೋಕೇ ಅರ್ಧ ಗಂಟೆ ಆಯ್ತು.”

ಶನಿವಾರದ ಘಟನೆ ಠಾಣೆಗೆ ಗೊತ್ತಿದ್ದದ್ದೇ. ನೇಥನ್ ಸ್ಪ್ರೌಲ್, ಮೂವತ್ತೊಂದು ವರ್ಷ, ದ್ವೀಪಗಳಿಗೆ ಹೋಗಿಬರುವ ಫೆರಿಯಲ್ಲಿ ಕೆಲಸ. ತಂದೆ ಕಟ್ಟಿದ ‘ಹೆಪ್ಸಿಬಾ’ ಎಂಬ ಹಾಯಿದೋಣಿಯನ್ನು ಎವರೆಟ್‌ನ ಶೆಡ್ಡಿನಲ್ಲಿ ಚಳಿಗಾಲವೆಲ್ಲ ದುರಸ್ತಿ ಮಾಡಿ, ಮೇ ಹದಿನೇಳರಂದು ಹನ್ನೊಂದು ವರ್ಷಗಳ ತರುವಾಯ ಮೊದಲ ಬಾರಿಗೆ ನೀರಿಗೆ ಇಳಿಸಿದ್ದನು. ಹನ್ನೊಂದೂಕಾಲಕ್ಕೆ ಬಂದರಿನ ತಡೆಗೋಡೆ ದಾಟಿದ ಕೂಡಲೆ ಗಾಳಿ ಜೋರಾಗಿ ಬೀಸಿತು. ಹಾಯಿಕಂಬ ಕುಸಿದು ಹಿಂದಕ್ಕೆ ಉರುಳಿ, ಚುಕ್ಕಾಣಿ ಹಿಡಿದು ಕೂತಿದ್ದವನ ಬೆನ್ನಿನ ಮೇಲೆ ಬಿತ್ತು. ಬಲೆಗಾರರು ಎತ್ತಿಕೊಂಡು ಬಂದರು. ಬೆನ್ನುಹುರಿ ತುಂಡಾಗಿತ್ತು. ಸೊಂಟದ ಕೆಳಗೆ ಇನ್ನು ಜೀವ ಬರುವುದಿಲ್ಲವೆಂದು ಭಾನುವಾರ ವೈದ್ಯರು ತಾಯಿಗೆ ಹೇಳಿದರು.

ಒಂಬತ್ತು ಐದಕ್ಕೆ ಪ್ರಥಮ ವರ್ತಮಾನ ವರದಿ ಬರೆಯಲಾಯಿತು. ಎವರೆಟ್ ಸಹಿ ಮಾಡಿ, ಅದನ್ನು ಎರಡು ಸಲ ಓದಿ, ಟೋಪಿ ಹಾಕಿಕೊಂಡು ಹೊರಟನು.

ಹತ್ತೂವರೆಗೆ ಪೆಲೆಟಿಯರ್ ಡೆಪ್ಯುಟಿ ಜೋಡಿ ಕ್ರೋಲಿಯನ್ನು ಕರೆದುಕೊಂಡು ಶೆಡ್ಡಿಗೆ ಹೋದನು. ಜೋಡಿಗೆ ನಲವತ್ತನಾಲ್ಕು ವರ್ಷ, ಬಲೆಗಾರರ ಮನೆಯವಳು. ಪೆಲೆಟಿಯರ್ ಒಳನಾಡಿನ ಹೊಳೆದಂಡೆಯ ಗಿರಣಿ ಊರಿನವನು. ಹದಿನೆಂಟು ವರ್ಷ ಕಡಲತೀರದಲ್ಲಿ ಕೆಲಸ ಮಾಡಿದರೂ ದೋಣಿಗೆ ಕಾಲಿಡುವಾಗ ಎರಡು ಕೈಯಲ್ಲೂ ಏನಾದರೂ ಹಿಡಿದುಕೊಳ್ಳುತ್ತಿದ್ದನು.

“ನೆಲದ ಮೇಲೆ ಇದೆ ಸಾರ್ ದೋಣಿ,” ಎಂದಳು ಜೋಡಿ. “ಮುಳುಗಲ್ಲ, ಬನ್ನಿ.”

ಸ್ಥಳ ಪಂಚನಾಮೆ ಹತ್ತು ಐವತ್ತಕ್ಕೆ ಆರಂಭವಾಯಿತು. ದೋಣಿಯೊಳಗಿನ ಕೋಣೆಯ ಮಾಡಿನ ಕೆಳಗೆ, ಅಡ್ಡಗಲಕ್ಕೂ ಓಕ್ ಮರದ ಒಂದು ದಪ್ಪ ತೊಲೆ. ಅದರ ನೆತ್ತಿಯ ಮೇಲೆಯೇ, ಮಾಡಿನ ಹೊರಗೆ, ಹಾಯಿಕಂಬದ ಬುಡ ನಿಲ್ಲುತ್ತದೆ. ತೊಲೆ ನಡುವಿನಲ್ಲಿ ಮುರಿದಿತ್ತು. ಮುರಿದ ಜಾಗದ ಮುಂಭಾಗದಲ್ಲಿ ಎರಡು ಅಡಿ ಉದ್ದಕ್ಕೆ ಮರವೇ ಇಲ್ಲ. ಎರಡು ತುದಿಗಳಲ್ಲಿ ಗರಗಸದಿಂದ ಎರಡೆರಡು ಅಂಗುಲ ಆಳಕ್ಕೆ ಕೊಯ್ದು, ನಡುವಿನ ಹಲಗೆಯನ್ನು ಉಳಿಯಿಂದ ಸೀಳಿ ತೆಗೆದಿದ್ದರು. ನಾಲ್ಕು ಅಂಗುಲದ ತೊಲೆಯಲ್ಲಿ ಅರ್ಧ ಉಳಿದಿತ್ತು. ಉಳಿದ ಬರಿ ಮರಕ್ಕೆ ಬಿಳಿ ಬಣ್ಣ ಬಳಿದಿತ್ತು.

“ಇಲ್ಲಿ ಏನಿತ್ತು?” ಪೆಲೆಟಿಯರ್ ಕೇಳಿದನು.

“ಸಂಖ್ಯೆ,” ಎಂದನು ಎವರೆಟ್. “ಮರ್ಲ್ ಸ್ಪ್ರೌಲ್, ಹುಡುಗನ ಅಪ್ಪ, ಕೆತ್ತಿದ್ದು. ಕೇಂದ್ರ ಸರ್ಕಾರದ ಸಂಖ್ಯೆ.”

“ನನಗೆ ಬಿಡಿಸಿ ಹೇಳಿ. ನಾನು ಹೊಳೆ ಕಡೆಯವನು.”

“ಅದು ಗೊತ್ತು, ನೀನು ಏಣಿ ಹತ್ತಿದ್ದು ನೋಡ್ದೆ. ನೋಡು, ದೋಣಿಗೆ ಎರಡು ಥರ ಕಾಗದ. ಒಂದು ರಾಜ್ಯದ ನೋಂದಣಿ. ಊರ ಕಚೇರೀಲಿ ವರ್ನಾ ಹತ್ರ ಹೋದ್ರೆ ಹತ್ತು ನಿಮಿಷದ ಕೆಲಸ. ದೋಣಿ ಮೂತಿಗೆ ಎರಡೂ ಕಡೆ ನಂಬರು ಅಂಟಿಸ್ಕೊಂಡು ಕೊಲ್ಲೀಲಿ ಓಡಾಡ್ಕೊಂಡಿರ್ಬೋದು. ಇನ್ನೊಂದು ಕೇಂದ್ರದ ದಾಖಲೆ. ಅದಾದ್ರೆ ದೋಣಿ ಈ ದೇಶದ ಹಡಗು ಅಂತ ಪುಸ್ತಕದಲ್ಲಿ ಬರತ್ತೆ. ಬೇರೆ ದೇಶದ ಬಂದರಲ್ಲಿ ಅದಕ್ಕೇ ಮರ್ಯಾದೆ. ಆ ಸಂಖ್ಯೇನ ದೋಣಿ ಮೈಗೇ ಹಾಕ್ಬೇಕು, ತೆಗೆದ್ರೆ ಗಾಯ ಕಾಣೋ ಹಾಗೆ. ಇದು ಇದ್ರೆ ಅದಿಲ್ಲ, ಅದು ಇದ್ರೆ ಇದಿಲ್ಲ.”

“ಹಾಗಾದ್ರೆ ಕಳ್ಳರ ಕೆಲಸ. ಗುರುತು ಅಳಿಸಿ ದೋಣಿ ಮಾರೋಕೆ.”

ಜೋಡಿ ತಲೆಯಾಡಿಸಿದಳು. “ಹೆಸರು ಹಿಂದುಗಡೆ ಹಾಗೇ ಇದೆ ಸಾರ್, ಊರಿನ ಹೆಸರೂ ಇದೆ. ಕಳ್ಳ ಆದ್ರೆ ರಂದ ಹೊಡೆದು ಸಂಖ್ಯೆ ಹಾಳು ಮಾಡ್ತಾನೆ. ಐದು ನಿಮಿಷ. ಇವರು ಹಲಗೇನ ಪೂರ್ತಿ ತಗೊಂಡು ಹೋಗಿದ್ದಾರೆ.”

“ಕೈ ಪಳಗಿದೋರಲ್ಲ,” ಎಂದು ಎವರೆಟ್ ಸೇರಿಸಿದನು. “ಈ ಉಳಿ ಗುರುತು ನೋಡು, ನೂರು ಕಡೆ ತಡವರಿಸಿದೆ. ಆದ್ರೆ ಅವಸರ ಮಾಡಿಲ್ಲ. ಹಲಗೆ ಬಿರುಕು ಬಿಡಬಾರ್ದು ಅಂತ ಒಂದೊಂದೇ ಕೂದಲೆಳೆ ಬಿಡಿಸಿದ್ದಾರೆ. ಮೂರು ಗಂಟೆಯಾದ್ರೂ ಹಿಡಿದಿರತ್ತೆ. ಆಮೇಲೆ ಕಸ ಗುಡಿಸಿದ್ದಾರೆ. ನನ್ನ ಶೆಡ್ಡಲ್ಲಿ ಯಾರೂ ಕಸ ಗುಡಿಸಲ್ಲ.”

“ಕಂಬ ನಿಲ್ಲಿಸಿದ್ದು ಯಾವಾಗ?”

“ಶುಕ್ರವಾರ ಬೆಳಿಗ್ಗೆ, ನಾನೇ. ತೊಲೆಯ ಈ ಮುಖ ಕಾಣ್ತಿರ್ಲಿಲ್ಲ. ಮುಂದುಗಡೆ ಹಾಯಿ ಮೂಟೆ ತುಂಬಿತ್ತು.” ಮುದುಕನು ಮುರಿದ ಮರದ ಮೇಲೆ ಕೈಯಿಟ್ಟನು. “ಮೂಟೆ ಎತ್ತಿ ನೋಡ್ಬೇಕಿತ್ತು. ಅದನ್ನೂ ಬರ್ಕೊ.”

ಬುಧವಾರ ಸಂಜೆ ತೊಲೆ ಸರಿಯಿತ್ತು. ನೇಥನ್ ಆ ಸಂಖ್ಯೆಗೆ ಎಣ್ಣೆ ಹಚ್ಚಿದ್ದನ್ನು ಎವರೆಟ್ ಕಂಡಿದ್ದನು. ಗುರುವಾರ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಎವರೆಟ್ ಹಗ್ಗ ಕೊಳ್ಳಲು ಪೇಟೆಗೆ ಹೋಗಿದ್ದನು. ಪ್ರತಿ ಗುರುವಾರವೂ ಹೋಗುತ್ತಾನೆ. ಅದು ಊರಿಗೆಲ್ಲ ಗೊತ್ತು. ಜೋಡಿ ಬಣ್ಣದ ಚೂರನ್ನು ಕೆರೆದು ಲಕೋಟೆಗೆ ಹಾಕಿದಳು. “ದೋಣಿಗೆ ಬಳಿಯೋ ಬಣ್ಣ ಅಲ್ಲ ಇದು,” ಎಂದಳು. “ಮನೆ ಬಾಗಿಲಿಗೆ ಬಳಿಯೋದು.” ಪಂಚನಾಮೆ ಹನ್ನೆರಡೂವರೆಗೆ ಮುಗಿಯಿತು.

ಮಂಗಳವಾರ, ಮೇ ಇಪ್ಪತ್ತು. ಮಧ್ಯಾಹ್ನ ಎರಡು ಗಂಟೆಗೆ ಪೆಲೆಟಿಯರ್ ಆಸ್ಪತ್ರೆಗೆ ಹೋದನು. ನೇಥನ್ ಅಂಗಾತ ಮಲಗಿದ್ದನು. ಕಿಟಕಿಯ ಬಳಿಯ ಕುರ್ಚಿಯಲ್ಲಿ ಅವನ ತಾಯಿ ವರ್ನಾ ಸ್ಪ್ರೌಲ್ ಕುಳಿತಿದ್ದಳು. ಟಾಲ್ಮನ್ಸ್ ಕೋವಿನ ಊರ ಕಚೇರಿಯಲ್ಲಿ ಮೂವತ್ತೆರಡು ವರ್ಷಗಳಿಂದ ಗುಮಾಸ್ತೆ. ಹುಟ್ಟು, ಸಾವು, ಮದುವೆ, ಮತದಾರರ ಪಟ್ಟಿ, ದೋಣಿಗಳ ನೋಂದಣಿ ಎಲ್ಲವೂ ಅವಳ ಕೈಬರಹದಲ್ಲೇ. ಪೆಲೆಟಿಯರ್ ಒಳಗೆ ಬಂದೊಡನೆ ಎದ್ದು, ಡಬ್ಬಿ ತೆರೆದು ಕಾಕಂಬಿ ಬಿಸ್ಕತ್ತು ಮುಂದೆ ಹಿಡಿದಳು.

“ತಗೊಳ್ಳಿ ಸಾರ್,” ಎಂದನು ನೇಥನ್. “ಇಲ್ದಿದ್ರೆ ನನ್ನ ಬಾಯಿಗೆ ತುರುಕ್ತಾಳೆ. ಓಡಿ ಹೋಗೋ ಹಾಗೂ ಇಲ್ಲ ನಾನು.”

ವರ್ನಾ ಮುಖ ತಿರುಗಿಸಿದಳು. ಪೆಲೆಟಿಯರ್ ಒಂದು ಬಿಸ್ಕತ್ತು ತೆಗೆದುಕೊಂಡನು. ತೊಲೆಯ ವಿಷಯವನ್ನು ಎವರೆಟ್ ನೇಥನ್‌ಗೆ ಫೋನಿನಲ್ಲಿ ಆಗಲೇ ಹೇಳಿದ್ದನು.

“ಆ ಸಂಖ್ಯೆ ಯಾರಿಗೆ ಬೇಕಿತ್ತು ನೇಥನ್?”

“ಯಾರಿಗೂ ಬೇಡ. ಆರು ಅಂಕಿ ಸಾರ್. ಫೋನ್ ನಂಬರೂ ಅಲ್ಲ.”

“ದ್ವೇಷ?”

“ಫೆರೀಲಿ ಕಾರಿಗೆ ಜಾಗ ಸಿಗದೆ ಬೈದೋರು ಒಂದು ಸಾವಿರ ಇರ್ಬೋದು. ಅವರೆಲ್ಲ ಬೇಸಿಗೆ ಜನ. ಅವರಿಗೆ ಗರಗಸ ಹಿಡಿಯೋಕೆ ಬರಲ್ಲ.”

“ಕೇಂದ್ರದ ದಾಖಲೇನೇ ಯಾಕೆ ಮಾಡಿಸಿದ್ರಿ?”

“ಅಝೋರ್ಸ್ ದ್ವೀಪಕ್ಕೆ ಹೋಗ್ಬೇಕಿತ್ತು. ಜೂನ್ ಇಪ್ಪತ್ತಕ್ಕೆ. ಸಾಗರದ ಆಚೆ, ಪೋರ್ಚುಗೀಸರದು. ಅಲ್ಲಿನ ಬಂದರಿನೋರ ಕೈಗೆ ಅಮ್ಮ ಕೊಡೋ ರಾಜ್ಯದ ಸ್ಟಿಕ್ಕರ್ ಕೊಟ್ರೆ ನಾಯಿ ಲೈಸೆನ್ಸ್ ಅಂದ್ಕೋತಾರೆ.”

“ನಾಯಿ ಲೈಸೆನ್ಸೂ ನಾನೇ ಕೊಡೋದು,” ಎಂದಳು ವರ್ನಾ.

“ನೋಡಿ, ಒಪ್ಕೊಂಡ್ಳು.” ಅವನು ನಕ್ಕನು, ನಗು ಬೆನ್ನಿಗೆ ತಾಗಿ ನಿಂತಿತು. “ಚಳಿಗಾಲವೆಲ್ಲ ಇದೇ ಜಗಳ ಸಾರ್ ನಮ್ಮನೇಲಿ. ರಾಜ್ಯದ್ದು ಮಾಡಿಸ್ಕೋ, ರಾಜ್ಯದ್ದು ಸಾಕು. ಊಟಕ್ಕೆ ಕೂತ್ರೆ ಅದೇ, ಚರ್ಚಿಗೆ ಹೋಗೋ ದಾರೀಲಿ ಅದೇ. ಬೇರೆ ಅಮ್ಮಂದಿರು ಮದುವೆ ಯಾವಾಗ ಅಂತಾರೆ. ನಮ್ಮಮ್ಮ ನೋಂದಣಿ ಯಾವಾಗ ಅಂತಾಳೆ.”

“ದಾಖಲೆ ಕೊಡೋ ಮುಂಚೆ ಅಧಿಕಾರಿಗಳು ಬಂದು ತೊಲೆ ನೋಡಿದ್ರಾ? ಅವರ ಪೈಕಿ ಯಾರಾದ್ರೂ—”

“ಅಯ್ಯೋ, ಯಾರು ಬರ್ತಾರೆ ಸಾರ್? ಸಂಖ್ಯೆ ಕೆತ್ತಿದೆ ಅಂತ ನಾವೇ ಫಾರಂ ಬರೆದು ಸಹಿ ಹಾಕೋದು. ಅಪ್ಪನ ಹಳೇ ಸಂಖ್ಯೇಲೇ, ನನ್ನ ಹೆಸರಿಗೆ, ಏಪ್ರಿಲ್‌ನಲ್ಲೇ ಕಾಗದ ಮನೆಗೆ ಬಂತು.”

“ಆಮೇಲೆ?” ಎಂದು ವರ್ನಾ ಕೇಳಿದಳು. ಅದುವರೆಗೆ ಅವಳು ತಾನಾಗಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. “ಹೊರಡೋ ಮುಂಚೆ? ಆಗಾದ್ರೂ ಬಂದು ನೋಡ್ತಾರಲ್ಲ?”

“ಇಲ್ಲಮ್ಮ.”

“ಗುರುತು ಇಲ್ದಿದ್ರೆ ಕಾಗದ ಊರ್ಜಿತ ಅಲ್ಲ ಅಂತ ಅದರ ಜೊತೆ ಬಂದ ಹಾಳೇಲಿ ಬರೆದಿದೆ.”

“ಬರೆದಿರ್ತಾರೆ. ಯಾರೂ ಬರಲ್ಲ.”

“ಯಾರೂ ಬರೋದೇ ಇಲ್ವಾ?”

ಡಬ್ಬಿಯ ಮುಚ್ಚಳ ಅವಳ ಕೈಯಲ್ಲೇ ಇತ್ತು. ಅದನ್ನು ಮುಚ್ಚಲು ಹೋಗಿ, ಅದು ಹಿಡಿಯದೆ, ಮತ್ತೆ ಮುಚ್ಚಲು ಹೋಗಿ, ಕೊನೆಗೆ ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ನೇಥನ್ ಚಾವಣಿ ನೋಡುತ್ತಿದ್ದನು. ಅವನಿಗೆ ಅವಳ ಮುಖ ಕಾಣಲಿಲ್ಲ. ಪೆಲೆಟಿಯರ್‌ಗೆ ಕಂಡಿತು. ಮತ್ತೆ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು, ಎರಡು ನಲವತ್ತಕ್ಕೆ ಹೊರಗೆ ಬಂದು, ಕಾರಿನಲ್ಲಿ ಬಹಳ ಹೊತ್ತು ಕುಳಿತಿದ್ದನು. ಅವನು ಜಪಮಾಲೆ ಹಿಡಿಯುವ ಮನೆತನದವನು. ತನ್ನ ಎಣಿಕೆ ತಪ್ಪಾಗಲಿ ಎಂದು ಆ ದಿನ ಪ್ರಾರ್ಥಿಸಿದನೆಂದು ಬಹಳ ಕಾಲದ ಮೇಲೆ ಹೇಳಿದನು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ರಾಜ್ಯದ ದೋಣಿ ನೋಂದಣಿ ವಿಭಾಗಕ್ಕೆ ಫೋನು ಮಾಡಿದನು. ‘ಹೆಪ್ಸಿಬಾ’ ಹೆಸರಿನಲ್ಲಿ ಏನಾದರೂ ಇದೆಯೇ? ಕೇಂದ್ರದ ದಾಖಲೆಯಿರುವ ದೋಣಿ, ಇರಬಾರದು. ಹನ್ನೊಂದು ಗಂಟೆಗೆ ಪ್ರತಿ ಬಂತು. ಮೇ ಹದಿನೈದು, ಗುರುವಾರ ಹೊಸ ನೋಂದಣಿ. ಮಾಲೀಕ ನೇಥನ್ ಸ್ಪ್ರೌಲ್. ಮಾಲೀಕನ ಸಹಿಯ ಜಾಗ ಖಾಲಿ. ಕೆಳಗೆ ಊರ ಗುಮಾಸ್ತೆಯ ಸಹಿ.

ಜೋಡಿ ಅದನ್ನು ಓದಿ ಮೇಜಿನ ಮೇಲಿಟ್ಟಳು. “ಗುರುವಾರ ಮಧ್ಯಾಹ್ನ ಊರ ಕಚೇರಿಗೆ ರಜ ಸಾರ್,” ಎಂದಳು. “ನನ್ನ ಮದುವೆ ಕಾಗದ ಬರೆದೋಳು ವರ್ನಾ. ಅಮ್ಮ ತೀರ್ಕೊಂಡಾಗ್ಲೂ ಅವಳೇ ಬರೆದಿದ್ದು. ನಾನು ಬರ್ಲೇಬೇಕಾ?”

“ಹೆಂಗಸನ್ನ ಕರ್ಕೊಂಡು ಬರೋವಾಗ ನೀನು ಇರ್ಬೇಕು ಜೋಡಿ.”

“ಗೊತ್ತು. ಕೇಳ್ದೆ ಅಷ್ಟೆ.”

ಗುರುವಾರ, ಮೇ ಇಪ್ಪತ್ತೆರಡು, ಬೆಳಿಗ್ಗೆ ಒಂಬತ್ತು ಐವತ್ತು. ಊರ ಕಚೇರಿ ತೆರೆದಿತ್ತು. ಜೂನ್ ಚುನಾವಣೆಗೆಂದು ಮತ ಹಾಕುವ ಮರದ ಗೂಡುಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿತ್ತು. ಎಲ್ಲಕ್ಕೂ ಹೊಸ ಬಿಳಿ ಬಣ್ಣ. ಜೋಡಿ ಹೆಬ್ಬೆರಳಿನಿಂದ ಒಂದನ್ನು ಸವರಿ, ಪೆಲೆಟಿಯರ್ ಕಡೆ ನೋಡಿದಳು. ಗುಮಾಸ್ತೆಯ ಕಟಕಟೆಯ ಮುಂದೆ ರಬ್ಬರ್ ಬೂಟಿನ ಬಲೆಗಾರನೊಬ್ಬನು ತನ್ನ ಚಿಕ್ಕ ದೋಣಿಯ ನೋಂದಣಿಗೆ ನಿಂತಿದ್ದನು.

“ಉದ್ದ ಎಷ್ಟು?” ಎಂದು ವರ್ನಾ ಕೇಳಿದಳು.

“ಹೋದ ವರ್ಷ ಇದ್ದಷ್ಟೇ. ಬೆಳೆದಿಲ್ಲ.”

“ಹೋದ ವರ್ಷ ಹನ್ನೆರಡು ಅಡಿ ಅಂದಿದ್ದೆ, ಅದರ ಹಿಂದಿನ ವರ್ಷ ಹದಿನಾಲ್ಕು. ಕಡಿಮೆ ಆಗ್ತಾ ಇದೆಯಲ್ಲ. ಹೋಗಿ ಅಳೆದು ಬಾ.”

“ವರ್ನಾ, ನಿನ್ನ ಮಗನಿಗೆ ಹಾಗಾಗಿದೆ, ಇವತ್ತೂ ಇಷ್ಟು ಕಟ್ಟುನಿಟ್ಟಾ?”

“ಬರೆದ ಮೇಲೆ ಅದು ನಿಜ ಇರ್ಬೇಕು ಕಣೋ,” ಎಂದಳು ಅವಳು. ಅವನು ಹದಿಮೂರು ಎಂದು ಒಪ್ಪಿಕೊಂಡನು. ಅವಳು ಬರೆದು, ಮೊಹರು ಒತ್ತಿ, ಸ್ಟಿಕ್ಕರ್ ಕೊಟ್ಟು ಕಳಿಸಿದಳು. ಬಾಗಿಲು ಮುಚ್ಚಿಕೊಂಡ ಮೇಲೆ ಪೆಲೆಟಿಯರ್ ನೋಂದಣಿಯ ಪ್ರತಿಯನ್ನು ಕಟಕಟೆಯ ಮೇಲೆ ಇಟ್ಟನು. ಮೊದಲು ಅವಳ ಹಕ್ಕುಗಳನ್ನು ಹೇಳಿದನು: ಸುಮ್ಮನಿರಬಹುದು, ವಕೀಲರನ್ನು ಕರೆಸಬಹುದು. ಅವಳು ಪೂರ್ತಿ ಕೇಳಿಸಿಕೊಂಡಳು.

“ಕೇಳಿ ರೋಲಂಡ್,” ಎಂದಳು.

“ಇದು ನಿಮ್ಮ ಸಹಿನಾ?”

“ಹೌದು.”

“ಕೇಂದ್ರದ ದಾಖಲೆ ಇರೋ ದೋಣಿಗೆ ಇದನ್ನ ಯಾಕೆ ಮಾಡಿದ್ರಿ?”

“ಅದು ಹೋಗತ್ತಲ್ಲ ಅಂತ. ಅದು ಹೋದ್ರೆ ಅವನ ಕೈಯಲ್ಲಿ ಏನೂ ಇಲ್ದಂಗಾಗತ್ತೆ. ಬೇಸಿಗೇಲಿ ಕೊಲ್ಲಿ ಒಳಗಾದ್ರೂ ಓಡಾಡ್ಲಿ ಅಂತ ಇದನ್ನ ರೆಡಿ ಮಾಡಿಟ್ಟೆ. ಅವನು ಬಂದು ಸಹಿ ಹಾಕೋದೊಂದೇ ಬಾಕಿ.”

“ಹೋಗತ್ತೆ ಅಂತ ಹೇಗೆ ಗೊತ್ತಾಯ್ತು?”

ವರ್ನಾ ಸೊಂಟದ ಬೀಗದಕೈ ತೆಗೆದು ಹಿಂದಿನ ಉಕ್ಕಿನ ಬಾಗಿಲು ತೆರೆದಳು. ಅದು ಬೆಂಕಿ ತಾಗದ ಕೋಣೆ; ನೂರ ಎಂಬತ್ತು ವರ್ಷಗಳ ಜನನ ಮರಣದ ಪುಸ್ತಕಗಳು ಅಲ್ಲಿದ್ದವು. ಜೋಡಿ ಅವಳ ಜೊತೆ ಒಳಗೆ ಹೋದಳು. ಕೆಳಗಿನ ಅರೆಯಿಂದ ಒಂದು ದಿಂಬಿನ ಚೀಲ ತಂದು ಕಟಕಟೆಯ ಮೇಲೆ ಇಟ್ಟರು. ಒಳಗೆ ಎರಡು ಅಡಿಯ ಓಕ್ ಹಲಗೆ. ಆರು ಅಂಕಿಗಳು. ಒಂದು ಚೂರೂ ಮುಕ್ಕಾಗಿರಲಿಲ್ಲ.

“ಹೆರೆದು ಹಾಕೋಣ ಅಂತಲೇ ಹೋದೆ,” ಎಂದಳು ವರ್ನಾ. “ಗುರುತು ಇಲ್ದಿದ್ರೆ ಕಾಗದ ನಡೆಯಲ್ಲ ಅಂತ ಓದಿದ್ದೆ. ನೋಡೋಕೆ ಯಾರೋ ಬರ್ತಾರೆ, ಇಲ್ಲ ಅಂತ ಬರ್ಕೊಂಡು ಹೋಗ್ತಾರೆ, ಮತ್ತೆ ಅರ್ಜಿ, ಮತ್ತೆ ಕಾಯೋದು, ಅಷ್ಟರಲ್ಲಿ ಬೇಸಿಗೆ ಮುಗಿಯತ್ತೆ. ಇಲ್ಲಿ ನಾನು ನೋಡದೆ ಯಾರಿಗೂ ಏನೂ ಕೊಟ್ಟಿಲ್ಲ ರೋಲಂಡ್. ಅವರೂ ಹಾಗೇ ಅಂದ್ಕೊಂಡೆ.”

“ಮತ್ತೆ ಯಾಕೆ ಹೆರೀಲಿಲ್ಲ?”

“ಮೊದಲ ಅಂಕಿಗೆ ಉಳಿ ಇಟ್ಟೆ. ಆಗ್ಲಿಲ್ಲ. ಮರ್ಲ್‌ನ ಕೈ ಅದು. ಅವನದು ಅಂತ ನನ್ನ ಹತ್ರ ಬೇರೆ ಏನಿದೆ? ಕಡಲಿಗೆ ಹೋದವನಿಗೆ ಸಮಾಧಿ ಕೂಡ ಇಲ್ಲ. ಪೂರ್ತಿ ತೆಗೆದು ಇಟ್ಕೊಳ್ಳೋಣ ಅನ್ನಿಸ್ತು. ಒಡೀಬಾರ್ದು ಅಂತ ಆಳವಾಗಿ ಕೊಯ್ದೆ.”

“ಆ ತೊಲೆ ಮೇಲೆ ಕಂಬ ನಿಲ್ಲತ್ತೆ ಅಂತ—”

“ಕಂಬ ಅವತ್ತು ಅಂಗಳದಲ್ಲಿ ಮಲಗಿತ್ತು. ಅದರ ಮೇಲೆ ಕಾಲಿಟ್ಟು ದಾಟಿ ಹೋದೆ ನಾನು. ಅದು ಎಲ್ಲಿ ನಿಲ್ಲತ್ತೆ ಅಂತ ಒಂದು ಸಲಾನೂ ಯೋಚನೆ ಬರ್ಲಿಲ್ಲ.” ಅವಳು ದಿಂಬಿನ ಚೀಲವನ್ನು ಮಡಿಸತೊಡಗಿದಳು, ಅದೂ ಸಾಕ್ಷ್ಯವೆಂದು ಜೋಡಿ ಮೆಲ್ಲಗೆ ಕೈಯಿಂದ ತೆಗೆದುಕೊಂಡಳು. “ದೇವರೇ, ಅವನನ್ನ ಮನೇಲೇ ಉಳಿಸಪ್ಪಾ ಅಂತ ಹನ್ನೊಂದು ವರ್ಷ ಬೇಡ್ಕೊಂಡೆ. ಹೇಗೆ ಅಂತ ಹೇಳೋಕೆ ನನಗೆ ಗೊತ್ತಾಗ್ಲಿಲ್ಲ.”

ಹತ್ತು ಇಪ್ಪತ್ತಕ್ಕೆ ಬಂಧನ. ಆಸ್ತಿಗೆ ಹಾನಿ ಮಾಡಿದ್ದು, ಅಜಾಗರೂಕತೆಯಿಂದ ಪ್ರಾಣಾಪಾಯ ತಂದದ್ದು, ಸುಳ್ಳು ನೋಂದಣಿ ಸಿದ್ಧಪಡಿಸಿದ್ದು ಎಂಬ ಮೂರು ಆರೋಪಗಳು. ಕೈಕೋಳ ಹಾಕಲಿಲ್ಲ. ಹೊರಡುವ ಮೊದಲು ವರ್ನಾ ‘ಕಚೇರಿ ಮುಚ್ಚಿದೆ’ ಎಂಬ ಫಲಕವನ್ನು ಬಾಗಿಲಿಗೆ ನೇತುಹಾಕಿ, ಯಾವಾಗ ತೆರೆಯುತ್ತದೆಂದು ಬರೆಯುವ ಜಾಗದ ಮುಂದೆ ಸೀಮೆಸುಣ್ಣ ಹಿಡಿದು ನಿಂತಳು. ಜೋಡಿ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಕಟಕಟೆಯ ಮೇಲಿಟ್ಟಳು.

ಮಧ್ಯಾಹ್ನ ಪೆಲೆಟಿಯರ್ ಶೆಡ್ಡಿಗೆ ಹೋಗಿ ಎವರೆಟ್‌ಗೆ ತಿಳಿಸಿದನು. ಎವರೆಟ್ ರಂದ ಹೊಡೆಯುತ್ತಿದ್ದವನು ನಿಲ್ಲಿಸಿದನು.

“ಆ ದೂರು ವಾಪಸ್ ತಗೊಳ್ಳೋಕೆ ಆಗತ್ತಾ?”

“ಆಗಲ್ಲ. ಈಗ ಅದು ಸರ್ಕಾರದ ಕೇಸು.”

“ನನ್ನ ಹೆಸರು ಉಳೀಲಿ ಅಂತ ಬಂದೆ ನಿನ್ನ ಹತ್ರ.” ಅವನು ಬೆಂಚಿನ ಮೇಲಿನ ಹೊಟ್ಟನ್ನು ಕೈಯಿಂದ ಒಂದು ಕಡೆಗೆ ತಳ್ಳಿದನು. “ಈ ವಯಸ್ಸಿಗೆ ಹೆಸರು ತಗೊಂಡು ಏನು ಮಾಡ್ಬೇಕಿತ್ತು ನಾನು? ಹೋದ್ರೆ ಹೋಗಿರ್ತಿತ್ತು.”

ಶುಕ್ರವಾರ ನ್ಯಾಯಾಧೀಶರು ವರ್ನಾಳಿಗೆ ಜಾಮೀನು ಕೊಟ್ಟರು. ಷರತ್ತು ಒಂದು: ಗಾಯಾಳುವನ್ನು ಕಾಣಕೂಡದು, ಅವನೊಡನೆ ಮಾತಾಡಕೂಡದು, ಪತ್ರ ಬರೆಯಕೂಡದು. ಇಂಥ ಎಲ್ಲ ಮೊಕದ್ದಮೆಗಳಲ್ಲಿಯೂ ಹಾಕುವ ಷರತ್ತು ಅದು. ಅಚ್ಚಾದ ಹಾಳೆಯಲ್ಲಿ ಮೊದಲೇ ಇರುತ್ತದೆ.

ನಾಲ್ಕು ಗಂಟೆಗೆ ಪೆಲೆಟಿಯರ್ ಆಸ್ಪತ್ರೆಗೆ ಹೋದನು. ಬೇರೆಯವರ ಬಾಯಿಂದ ನೇಥನ್‌ಗೆ ತಿಳಿಯಬಾರದೆಂದು ಗುರುವಾರವೇ ಬಂದು ಹೇಳಿದ್ದನು. ಆಗ ನೇಥನ್ ಏನೂ ಕೇಳಿರಲಿಲ್ಲ. ಈ ದಿನ ಕೇಳಿದನು.

“ಬಿಟ್ರಾ?”

“ಬಿಟ್ಟಿದ್ದಾರೆ. ಮನೇಲಿದ್ದಾರೆ. ಆದ್ರೆ ಇಲ್ಲಿಗೆ ಬರೋ ಹಾಗಿಲ್ಲ.”

“ಯಾಕೆ?”

“ನಿಮ್ಮ ರಕ್ಷಣೆಗೆ.”

ನೇಥನ್ ಚಾವಣಿ ನೋಡುತ್ತ ಮಲಗಿದ್ದನು. “ಹೇಳಿಕೇಲಿ ಏನಂದ್ಳು?”

ಪೆಲೆಟಿಯರ್ ಹೇಳಿದನು. ಹನ್ನೊಂದು ವರ್ಷಗಳ ಹಿಂದೆ ಮರ್ಲ್ ಇದೇ ‘ಹೆಪ್ಸಿಬಾ’ದಲ್ಲಿ ಕೆನಡಾದ ನೋವಾ ಸ್ಕೋಶಿಯಾದಿಂದ ಮರಳುವಾಗ ಕಾಣೆಯಾದನು; ಹಾಯಿ ಬಿಚ್ಚಿದ ಖಾಲಿ ದೋಣಿಯನ್ನು ಬೇರೆಯವರು ಎಳೆದು ತಂದರು. ದೇಹ ಸಿಗಲಿಲ್ಲ. ಸತ್ತನೆಂದು ನ್ಯಾಯಾಲಯ ಹೇಳಲು ಹದಿನಾರು ತಿಂಗಳು ಹಿಡಿಯಿತು. ಆ ಆದೇಶ ಊರ ಕಚೇರಿಗೆ ಬಂದ ದಿನ ಅಲ್ಲಿ ಇನ್ನೊಬ್ಬ ಗುಮಾಸ್ತ ಇರಲಿಲ್ಲ. ಊರಿನ ಮರಣದ ಪುಸ್ತಕ ತೆಗೆದು ಗಂಡನ ಹೆಸರನ್ನು ವರ್ನಾ ತಾನೇ ಬರೆದಳು. ಸ್ಥಳ ಎಂಬಲ್ಲಿ ‘ಸಮುದ್ರ’ ಎಂದು ಬರೆದು, ಕೆಳಗೆ ಸಹಿ ಮಾಡಿ, ಮೊಹರು ಒತ್ತಿದಳು. ಅದೇ ಕೈಯಿಂದ ಅದೇ ಪುಸ್ತಕದಲ್ಲಿ ಇನ್ನೊಂದು ಹೆಸರು ಬರೆಯಬೇಕಾದೀತೆಂಬ ಭಯ ಅವಳನ್ನು ಏಪ್ರಿಲ್ ತಿಂಗಳಿಂದ ನಿದ್ದೆ ಮಾಡಗೊಡಲಿಲ್ಲ. ಹೇಳಿಕೆಯಲ್ಲಿ ಅವಳು ಕಾರಣವೆಂದು ಕೊಟ್ಟದ್ದು ಇಷ್ಟೇ.

“ಹೋಗ್ಬೇಡ ಅಂತ ಒಂದು ಸಲಾನೂ ಅನ್ಲಿಲ್ಲ ಸಾರ್ ಅವಳು,” ಎಂದನು ನೇಥನ್. “ಒಂದೇ ಒಂದು ಸಲ ಅಂದಿದ್ರೆ…”

ಹೊರಗೆ ಮೊಗಸಾಲೆಯಲ್ಲಿ ಊಟದ ಗಾಡಿ ಹೋಯಿತು.

“ರಾಜ್ಯದ ಕಾಗದ ಸಾಕಲ್ವೇನೋ ಅಂದ್ಳು. ದಿನಾ ಅಂದ್ಳು. ನಾನು ಕಾಗದದ ಮಾತು ಅಂದ್ಕೊಂಡೆ.”

ಪೆಲೆಟಿಯರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದನು.

“ನನ್ನನ್ನ ಆ ಕಡೆ ತಿರುಗಿಸ್ತೀರಾ ಸಾರ್?” ಎಂದನು ನೇಥನ್. “ಗೋಡೆ ಕಡೆಗೆ. ನನಗೆ ಆಗಲ್ಲ.”

ಪೆಲೆಟಿಯರ್ ಕೋಟು ಬಿಚ್ಚಿ ಕುರ್ಚಿಯ ಮೇಲಿಟ್ಟು, ನರ್ಸನ್ನು ಕರೆದನು. ಅವಳು ಹೆಗಲು ಹಿಡಿದಳು, ಅವನು ಮಂಡಿಗಳ ಕೆಳಗೆ ಕೈ ಹಾಕಿದನು. ಒಂದು, ಎರಡು ಎಂದು ಎಣಿಸಿ, ಇಬ್ಬರೂ ಸೇರಿ ಅವನನ್ನು ಗೋಡೆಯ ಕಡೆಗೆ ತಿರುಗಿಸಿದರು.